‘ತಡೆಯುತ್ತದೆ’ ಎಂಬ ಒಂದೇ ಕ್ರಿಯಾಪದ ಸಾಲದು

ಪ್ರಿಯ ಲೇಖಕರೇ,

ವಿಕಿರಣವು ವಸ್ತುಗಳನ್ನು ಹಾಯುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ತಿದ್ದಿ ಮತ್ತೆ ಕಳುಹಿಸಬೇಕೆಂದು ಮನಸಾರೆ ಬಯಸುತ್ತೇನೆ.

ವಿಕಿರಣದ ಮೂರು ಬಗೆಗಳನ್ನು ಕುರಿತ ‘ಆಲ್ಫಾವನ್ನು ಕಾಗದ, ಬೀಟಾವನ್ನು ಅಲ್ಯೂಮಿನಿಯಂ, ಗಾಮಾವನ್ನು ಸೀಸ ತಡೆಯುತ್ತದೆ’ ಎಂಬ ವಾಕ್ಯದ ಮೇಲೆ ನಿಮ್ಮ ಇಡೀ ಲೇಖನ ನಿಂತಿದೆ. ಮೂರಕ್ಕೂ ಒಂದೇ ಕ್ರಿಯಾಪದ ಬಳಸಿದ್ದರಿಂದಲೇ ತೊಡಕು ಹುಟ್ಟಿದೆ. ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಆಲ್ಫಾ ಕಣವು ಭಾರವಾದದ್ದು, ವಿದ್ಯುದಾವೇಶ ಹೊತ್ತದ್ದು. ಎದುರಾದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕೀಳುತ್ತ, ಶಕ್ತಿ ಕಳೆದುಕೊಳ್ಳುತ್ತ, ಗಾಳಿಯಲ್ಲಿ ಕೆಲವೇ ಸೆಂಟಿಮೀಟರು ಸಾಗಿ ನಿಜವಾಗಿಯೂ ನಿಂತುಬಿಡುತ್ತದೆ. ಗಾಮಾ ಹಾಗಲ್ಲ. ಅದರ ಒಂದೊಂದು ಫೋಟಾನೂ, ಅಂದರೆ ಶಕ್ತಿಯ ಒಂದೊಂದು ಕಟ್ಟೂ, ಸೀಸದೊಳಗೆ ಎಲ್ಲೋ ಹೀರಿಹೋಗಬಹುದು, ದಿಕ್ಕು ಬದಲಿಸಬಹುದು, ಇಲ್ಲವೇ ಏನೂ ಆಗದೆ ಆಚೆ ಬದಿಗೆ ಬರಬಹುದು. ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವಿನ ಗಾಮಾ ಕಿರಣಗಳನ್ನು ಅರ್ಧಕ್ಕಿಳಿಸಲು ಸುಮಾರು 6 ಮಿ.ಮೀ. ಸೀಸ ಬೇಕು, ಅಷ್ಟೇ ದಪ್ಪದ ಇನ್ನೊಂದು ಪದರವಿಟ್ಟರೆ ಕಾಲು ಭಾಗ ಉಳಿಯುತ್ತದೆ, ಇಂಥ ಹತ್ತು ಪದರಗಳ ಆಚೆಗೂ ಸುಮಾರು ಸಾವಿರದಲ್ಲೊಂದು ಪಾಲು ಹೊರಬರುತ್ತದೆ. ಇದನ್ನು ‘ತಡೆ’ ಎಂದರೆ ಓದುಗರು ಸೀಸವನ್ನು ಮುಚ್ಚಿದ ಬಾಗಿಲೆಂದು ತಿಳಿಯುತ್ತಾರೆ.

‘ಆಲ್ಫಾ ದುರ್ಬಲ, ಆದ್ದರಿಂದ ನಿರಪಾಯ’ ಎಂಬ ಮಾತನ್ನಂತೂ ನಾನು ಬಿಡಲಾರೆ. ಚರ್ಮದ ಸತ್ತ ಹೊರಪದರ ಅದನ್ನು ನಿಲ್ಲಿಸುವುದು ನಿಜ. ಆದರೆ ಆಲ್ಫಾ ಸೂಸುವ ಧೂಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ, ಅದೇ ಅಲ್ಪ ದೂರದ ಓಟವೇ ಅಪಾಯದ ಮೂಲ: ಕಣದ ಶಕ್ತಿಯೆಲ್ಲ ಬೆರಳೆಣಿಕೆಯ ಜೀವಕೋಶಗಳ ಮೇಲೆಯೇ ಸುರಿಯುತ್ತದೆ.

ಬೀಟಾವನ್ನು ಅಲ್ಯೂಮಿನಿಯಂ ತಡೆಯುತ್ತದೆ ಎಂದವರು, ರಕ್ಷಣೆಯ ಮಾತು ಬಂದಾಗ ಅದಕ್ಕೂ ನೇರವಾಗಿ ಸೀಸವನ್ನೇ ಸೂಚಿಸಿದ್ದೀರಿ. ಬೀಟಾ ಕಣಗಳೆಂದರೆ ವೇಗದ ಎಲೆಕ್ಟ್ರಾನುಗಳು; ಅವು ಭಾರಲೋಹದಲ್ಲಿ ಥಟ್ಟನೆ ನಿಧಾನಗೊಂಡರೆ ಕ್ಷ-ಕಿರಣಗಳು ಹುಟ್ಟುತ್ತವೆ. ಹಾಗಾಗಿ ಮೊದಲು ಪ್ಲಾಸ್ಟಿಕ್, ಅದರಾಚೆ ಅಗತ್ಯವಿದ್ದರೆ ಸೀಸ. ವಿಕಿರಣದ ಇನ್ನೊಂದು ಬಗೆಯಾದ ನ್ಯೂಟ್ರಾನಿನ ಪ್ರಸ್ತಾಪವೇ ಇಲ್ಲದ್ದು ದೊಡ್ಡ ಕೊರತೆ. ಆವೇಶವಿಲ್ಲದ ಅದು ಸೀಸದ ಪರಮಾಣುವಿನ ನಡುವಿನ ಭಾರೀ ನ್ಯೂಕ್ಲಿಯಸ್ಸಿಗೆ ಬಡಿದು ಹೆಚ್ಚು ಶಕ್ತಿ ಕಳೆದುಕೊಳ್ಳದೆ ಪುಟಿಯುತ್ತದೆ; ತನ್ನಷ್ಟೇ ತೂಕದ ಜಲಜನಕದ ನ್ಯೂಕ್ಲಿಯಸ್ಸಿಗೆ ಬಡಿದಾಗ ಮಾತ್ರ, ಗೋಲಿ ಗೋಲಿಗೆ ಬಡಿದಂತೆ, ವೇಗವನ್ನು ಒಪ್ಪಿಸಿಬಿಡುತ್ತದೆ. ಜಲಜನಕ ತುಂಬಿದ ನೀರು, ಪ್ಯಾರಾಫಿನ್ ಮೇಣ ಇಲ್ಲಿ ಸೀಸಕ್ಕಿಂತ ಮೇಲಾಗುವುದು ಹೀಗೆ.

ಪ್ರಯೋಗಾಲಯದಲ್ಲಿ ಗಾಮಾ ಆಕರಕ್ಕೂ ವಿಕಿರಣವನ್ನು ಎಣಿಸುವ ಗೈಗರ್ ಎಣಿಕೆಯಂತ್ರಕ್ಕೂ ನಡುವೆ ನೀವು ಒಂದೊಂದೇ ಸೀಸದ ಹಾಳೆ ಇಡುತ್ತ ಹೋದಂತೆ ಟಿಕ್ ಸದ್ದು ವಿರಳವಾಗಿಯೂ ನಿಲ್ಲದೆ ಹೋದ ಪ್ರಸಂಗ ಕೊನೆಯ ಪುಟದಲ್ಲಿದೆ. ಲೇಖನದ ಜೀವ ಅಲ್ಲಿದೆ, ಅಲ್ಲಿಂದಲೇ ಆರಂಭಿಸಿ. ಪ್ರತಿ ಹಾಳೆಯ ದಪ್ಪವನ್ನೂ ಎಣಿಕೆಯನ್ನೂ ಕೊಡಿ. ಆಕರವನ್ನು ದೂರವಿಟ್ಟಾಗಲೂ ಯಂತ್ರ ಸದ್ದು ಮಾಡುತ್ತಿತ್ತಲ್ಲ, ಸುತ್ತಲಿನ ವಿಕಿರಣದಿಂದ ಬರುವ ಆ ಹಿನ್ನೆಲೆ ಎಣಿಕೆಯನ್ನು ಕಳೆದ ಮೇಲಿನ ಅಂಕಿಗಳನ್ನೇ ಬರೆಯಿರಿ.

ಇತಿ,
ಸಂಪಾದಕ