ಮೆಟ್ಟಿಲೂ ನಿಚ್ಚಳ, ಗುಡಿಯೂ ನಿಚ್ಚಳ

ಪ್ರಶ್ನೆ: ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ 4×5 ಇಂಚಿನ ಫಿಲ್ಮ್ ಕ್ಯಾಮೆರಾ, 150 ಮಿ.ಮೀ. ಲೆನ್ಸ್ ಹೂಡಿದ್ದೆ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/45ಕ್ಕೆ ಇಳಿಸಿದರೂ ಎದುರಿನ ಭೂತನಾಥ ಗುಡಿ ಮಾತ್ರ ಸ್ಪಷ್ಟ, ಕಾಲಬುಡದ ಮೆಟ್ಟಿಲು ಮಸುಕು. ಏಕೆ?
– ಒಬ್ಬ ಓದುಗ, ಬಾಗಲಕೋಟೆ

ಉತ್ತರ: ಅಪರ್ಚರ್ ಕಿರಿದು ಮಾಡಿದ್ರ ಎಲ್ಲಾ ಆಗ್ತದ ಅಂತ ನಾನೂ ಭಾಳ ಫಿಲ್ಮ್ ಹಾಳು ಮಾಡೀನ್ರಿ. ಲೆನ್ಸ್ ಕೂಡಿಸಿದ ಹಲಗಿ ಮುಂದಕ್ಕ ಬಾಗಿಸ್ರಿ. ಕ್ಯಾಮೆರಾ ಮಟ್ಟಸವಾಗಿ, ಒಂದೂವರೆ ಮೀಟರ್ ಎತ್ತರದಾಗ ಇದ್ರ ಸುಮಾರು 6 ಡಿಗ್ರಿ ಸಾಕು. ಎದ್ದು ನಿಂತ ಫೋಕಸ್ ಸಮತಲ, ಅಂದ್ರ ಪೂರಾ ನಿಚ್ಚಳ ಬರೋ ಪದರ, ನೆಲದ ಮ್ಯಾಲೆ ಮಲಗ್ತದ. ಆಸ್ಟ್ರಿಯಾದ ಶೈಂಪ್‌ಫ್ಲೂಗ್ ಹೆಸರಿನ ನಿಯಮ ಇದ.

ಕ್ಯಾಮೆರಾದ ಹಿಂದ ಚಿತ್ರ ನೋಡೋ ಮಬ್ಬು ಗಾಜಿನ್ಯಾಗ ಎಲ್ಲಾ ತಲೆಕೆಳಗಲ್ರಿ. ಕೆಳಗ ಕಾಣೋ ಗುಡಿಗೆ ಫೋಕಸ್ ಮಾಡಿ, ಮ್ಯಾಲಿನ ಮೆಟ್ಟಿಲು ನಿಚ್ಚಳ ಆಗೋ ತನಕ ಬಾಗಿಸಿ, ಮತ್ತ ಗುಡಿ ನೋಡ್ರಿ. ಎರಡ್ಮೂರು ಸಲ ಹಿಂಗ ತಿದ್ದಬೇಕು. ಆಮ್ಯಾಲೆ ಎಫ್/22 ಸಾಕು. ಬೆಳಕು ನಾಲ್ಕು ಪಟ್ಟು, ಗಾಳಿಗೆ ಅಲುಗೋ ಭಯಾನೂ ಕಡಿಮಿ.

ಒಂದು ತೊಡಕದ. ನಿಚ್ಚಳ ಜಾಗ ಬೆಣಿ ಆಕಾರದ್ದು. ದೂರದಾಗ ಗುಡಿಯ ಶಿಖರಾನೂ ಅದರೊಳಗ ಬರ್ತದ, ಎರಡು ಮೀಟರಿನ್ಯಾಗ ನೆಲದಿಂದ ಬರೇ ಒಂದಡಿ. ಅಲ್ಲಿ ಅರಿಬಿ ಒಗಿಯೋ ಅಕ್ಕಾರ ಬಕೀಟು ನಿಚ್ಚಳ, ಮಾರಿ ಮಸುಕು. ಅವರು ಎದ್ದು ಹೋಗೋ ತನಕ ಕಾಯ್ರಿ. ಮಂಗ್ಯಾ ಬಂದು, ಗಾಜು ನೋಡಾಕ ತಲಿ ಮ್ಯಾಲೆ ಹೊದ್ದ ಕರಿ ಅರಿಬಿ ಎಳಿತಾವ, ಅತ್ಲಾಗೂ ಒಂದು ಕಣ್ಣಿರ್ಲಿ.