ಮದುವೆಯಾಗದ ಸಂಗಾತಿಗೂ ಕಂಪನಿಯ ವಿಮೆ?

ಪ್ರಶ್ನೆ: ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿದ್ದೇನೆ. ಮದುವೆಯಾಗದೆ ಜೊತೆಗಿರುವ ಸಂಗಾತಿಯನ್ನು ಕಂಪನಿಯ ಆರೋಗ್ಯ ವಿಮೆಗೆ ಸೇರಿಸಬಹುದೇ? – ಓದುಗರು, ಬೆಂಗಳೂರು

ಉತ್ತರ: ಸೇರಿಸಲೇಬೇಕೆಂದು ಕಾನೂನು ಕಂಪನಿಯನ್ನು ಕಟ್ಟಿಹಾಕಿಲ್ಲ, ಬೇಡವೆಂದೂ ಹೇಳಿಲ್ಲ. ಗುಂಪು ಪಾಲಿಸಿಯಲ್ಲಿ ‘ಅವಲಂಬಿತರು’ ಯಾರೆಂಬುದು ಕಂಪನಿ ಮತ್ತು ವಿಮಾ ಸಂಸ್ಥೆ ಮಾಡಿಕೊಂಡ ಒಪ್ಪಂದ. ಎಚ್‌ಆರ್‌ ಬಾಯಿಮಾತು ಸಾಲದು, ಪಾಲಿಸಿ ಪ್ರತಿಯನ್ನೇ ಕೇಳಿ. ‘ಸಂಗಾತಿ’ ಎಂದು ಬರೆದಿದ್ದರೂ ಹೆರಿಗೆ ಖರ್ಚು, ಮೊದಲೇ ಇರುವ ಕಾಯಿಲೆಯ ಖರ್ಚು ಸಿಗುವುದು ಪತಿ-ಪತ್ನಿಯರಿಗೆ ಮಾತ್ರವೇ ಎಂದು ನೋಡಿ. ಸಮಾನತೆ ಸೋರಿಹೋಗುವುದು ಇಂಥ ಸಾಲುಗಳಲ್ಲೇ. ಹೆಸರು ಸೇರಿಸುವ ಅವಧಿ ಸಾಮಾನ್ಯವಾಗಿ ಕೆಲಸಕ್ಕೆ ಸೇರಿದಾಗ ಅಥವಾ ಪಾಲಿಸಿ ನವೀಕರಣದ ವೇಳೆ ಮಾತ್ರ.

ಪೋರ್ಟಲ್‌ನಲ್ಲಿ ‘ಸಂಗಾತಿ’ ಆಯ್ಕೆ ಇಲ್ಲವೆಂದು ‘ಸ್ಪೌಸ್’ (ಪತಿ ಅಥವಾ ಪತ್ನಿ) ಒತ್ತಿಬಿಡಬೇಡಿ. ಆಸ್ಪತ್ರೆಯ ಕ್ಯಾಶ್‌ಲೆಸ್ ಕೌಂಟರ್‌ನಲ್ಲಿ ದಾಖಲೆ ಕೇಳಿದಾಗ ಅದೇ ಸುಳ್ಳು ಘೋಷಣೆಯಾಗಿ ಕ್ಲೇಮು ತಿರಸ್ಕೃತವಾಗಬಹುದು. ಕಂಪನಿ ಒಪ್ಪದಿದ್ದರೆ ಸಂಗಾತಿ ತಮ್ಮದೇ ಹೆಸರಲ್ಲಿ ಪಾಲಿಸಿ ಮಾಡಿಸಲಿ, ಅದೂ ಬೇಗ: ಮೊದಲೇ ಇರುವ ಕಾಯಿಲೆಗೆ ಗರಿಷ್ಠ 3 ವರ್ಷ ಕಾಯಬೇಕಾದೀತು. ಅವರ ಪ್ರೀಮಿಯಂ ನೀವು ಕಟ್ಟಿದರೆ ಅದಕ್ಕೆ ನಿಮಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ.

ಜೀವ ವಿಮೆಯದು ಬೇರೆಯೇ ಗೋಜಲು. ವಿಮಾ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ನಾಮಿನಿಯೇ ಹಣದ ಒಡೆಯರಾಗುವುದು ತಂದೆ-ತಾಯಿ, ಪತಿ ಅಥವಾ ಪತ್ನಿ, ಮಕ್ಕಳಾಗಿದ್ದರೆ. ಸಂಗಾತಿಯನ್ನು ನಾಮಿನಿ ಮಾಡಿದರೂ ವಾರಸುದಾರರು ಹಕ್ಕು ಕೇಳಬಹುದು. ಹಾಗಾಗಿ ಹಣ ಸಂಗಾತಿಗೇ ಸೇರಬೇಕೆಂದು ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲು ಬರೆದಿಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದೇ ಜಾಣತನ.