ಹಳೆಯ ಆಟಗಾರನನ್ನು ಬಿಟ್ಟುಕೊಡುವ ತಿಂಗಳು

ಅಮೆರಿಕನ್ ಫುಟ್‌ಬಾಲ್ ತಂಡಗಳು ಹಿರಿಯ ಆಟಗಾರರನ್ನು ಟ್ರೇಡ್ ಮಾಡುವ (ಇನ್ನೊಂದು ತಂಡಕ್ಕೆ ಕೊಟ್ಟು ಪ್ರತಿಯಾಗಿ ಏನಾದರೂ ಪಡೆಯುವ) ರೀತಿ ಕಂಡು ಬೇಸತ್ತ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಅವರ ಪತ್ರದ ಸಾರ ಇಷ್ಟು: "ಹತ್ತು ವರ್ಷ ಮೈ ಮುರಿದು ಆಡಿದವನನ್ನು ಒಂದು ಫೋನ್ ಕರೆಯಲ್ಲಿ ಸಾಗಹಾಕುವುದು ಕೃತಘ್ನತೆಯಲ್ಲವೇ? ಮಾಲೀಕರಿಗೆ ದುಡ್ಡಿಗೇನು ಬರ? ಇನ್ನೆರಡು ವರ್ಷ ಇಟ್ಟುಕೊಂಡರೆ ಅವರ ಗಂಟೇನು ಹೋಗುತ್ತದೆ?"

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇವೆ. ಮಾಲೀಕರಿಗೆ ದುಡ್ಡಿಗೆ ಬರವಿಲ್ಲ, ಒಪ್ಪಿದೆವು. ಆದರೆ ಎನ್‌ಎಫ್‌ಎಲ್‌ನಲ್ಲಿ (ಈ ಆಟದ ಲೀಗ್) 1994ರಿಂದ ಸ್ಯಾಲರಿ ಕ್ಯಾಪ್ ಇದೆ, ಅಂದರೆ ತಂಡವೊಂದು ಆಟಗಾರರ ಸಂಬಳಕ್ಕೆ ವರ್ಷಕ್ಕೆ ಖರ್ಚು ಮಾಡಬಹುದಾದ ಹಣದ ಮಿತಿ. 2024ರಲ್ಲಿ ಅದು ತಂಡವೊಂದಕ್ಕೆ 25.54 ಕೋಟಿ ಡಾಲರ್ ಇತ್ತು. ಎಷ್ಟೇ ಸಿರಿವಂತ ಮಾಲೀಕನಾದರೂ ಈ ಗೆರೆ ದಾಟುವಂತಿಲ್ಲ. ಹಾಗಾಗಿ ಹಳಬನಿಗೆ ಅಭಿಮಾನಕ್ಕೆಂದು ಕೊಟ್ಟ ಹಣ ಮಾಲೀಕನ ಜೇಬಿನಿಂದಷ್ಟೇ ಹೋಗುವುದಿಲ್ಲ, ಅದೇ ತಂಡದ ಇನ್ನೊಬ್ಬನ ಪಾಲಿನಿಂದಲೂ ಹೋಗುತ್ತದೆ. ಆ ಇನ್ನೊಬ್ಬ ಸಾಮಾನ್ಯವಾಗಿ ಹೆಸರು ಕೇಳಿರದ ಇಪ್ಪತ್ತಾರರ ಹುಡುಗ. ಅವನ ಪರವಾಗಿ ಯಾರೂ ನಮಗೆ ಪತ್ರ ಬರೆಯುವುದಿಲ್ಲ.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಐದು ವರ್ಷದ ಒಪ್ಪಂದ, ಸಹಿ ಹಾಕಿದಾಗ 2 ಕೋಟಿ ಡಾಲರ್ ಬೋನಸ್ ಎಂದಿಟ್ಟುಕೊಳ್ಳಿ. ಬೋನಸ್ ಆಟಗಾರನ ಕೈಗೆ ಮೊದಲೇ ಸೇರುತ್ತದೆ, ಕ್ಯಾಪ್ ಲೆಕ್ಕದಲ್ಲಿ ಮಾತ್ರ ವರ್ಷಕ್ಕೆ 40 ಲಕ್ಷದಂತೆ ಐದು ಕಂತು. ಮೂರನೇ ವರ್ಷ ಅವನ ಮೂಲ ಸಂಬಳ 1 ಕೋಟಿಯಾದರೆ ಆ ವರ್ಷದ ಭಾರ ಒಟ್ಟು 1.4 ಕೋಟಿ. ಆ ವರ್ಷ ಮಾರ್ಚ್‌ನಲ್ಲಿ ಟ್ರೇಡ್ ಮಾಡಿದರೆ ಸಂಬಳ ಹೊಸ ತಂಡಕ್ಕೆ ಹೋಗುತ್ತದೆ, ಆದರೆ ಉಳಿದ ಮೂರು ಕಂತು, ಅಂದರೆ 1.2 ಕೋಟಿ, ಒಟ್ಟಿಗೇ ಹಳೆಯ ತಂಡದ ತಲೆಗೆ ಬೀಳುತ್ತದೆ. ಇದನ್ನೇ ಡೆಡ್ ಮನಿ ಎನ್ನುವುದು. ಇಷ್ಟೆಲ್ಲ ಮಾಡಿ ಉಳಿತಾಯ ಬರೀ 20 ಲಕ್ಷ. ಜೂನ್ 1 ದಾಟಿದ ಮೇಲೆ ಮಾಡಿದರೆ ಡೆಡ್ ಮನಿ ಈ ವರ್ಷ 40 ಲಕ್ಷ, ಮಿಕ್ಕ 80 ಲಕ್ಷ ಮುಂದಿನ ವರ್ಷಕ್ಕೆ. ಕಾಗದದ ಮೇಲೆ ಇದೇ ಜಾಣತನ. ಆದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವುದು ಏಪ್ರಿಲ್‌ನಲ್ಲಿ, ಜೂನ್‌ನಲ್ಲಿ ಬಿಟ್ಟುಕೊಟ್ಟರೆ ಸಿಗುವ ಪಿಕ್ (ಆರಿಸಿಕೊಳ್ಳುವ ಸರದಿ) ಮುಂದಿನ ವರ್ಷದ್ದು. ಇತ್ತ ಆಟಗಾರನಿಗೂ ನಷ್ಟ, ಅಷ್ಟು ಹೊತ್ತಿಗೆ ಬೇರೆ ತಂಡಗಳ ಕ್ಯಾಪ್ ಬಹುಪಾಲು ಖರ್ಚಾಗಿರುತ್ತದೆ.

ಇನ್ನು ಅಭಿಮಾನಿಗಳು ನಿಷ್ಠೆಯೆಂದು ಹೊಗಳುವ "ರಿಸ್ಟ್ರಕ್ಚರ್". ಅದೇ ಮೂರನೇ ವರ್ಷ 90 ಲಕ್ಷ ಸಂಬಳವನ್ನು ಬೋನಸ್ ಆಗಿ ಬದಲಿಸಿ ಮೂರು ವರ್ಷಕ್ಕೆ ಹಂಚಿದರು ಎನ್ನಿ. ಆ ವರ್ಷದ ಭಾರ 80 ಲಕ್ಷಕ್ಕೆ ಇಳಿಯುತ್ತದೆ, ಎಲ್ಲರೂ ಖುಷಿ. ಆದರೆ ಮುಂದಿನ ವರ್ಷ ಅವನನ್ನು ಬಿಟ್ಟರೆ ಬೀಳುವ ಡೆಡ್ ಮನಿ 80 ಲಕ್ಷದಿಂದ 1.4 ಕೋಟಿಗೆ ಏರಿರುತ್ತದೆ. ಅಟ್ಲಾಂಟಾ ಫಾಲ್ಕನ್ಸ್ ತಂಡ ಮ್ಯಾಟ್ ರಯಾನ್ ಒಪ್ಪಂದವನ್ನು ಹೀಗೆಯೇ ಮತ್ತೆ ಮತ್ತೆ ಮುಂದಕ್ಕೆ ತಳ್ಳಿತು. 2022ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ಗೆ ಬಿಟ್ಟುಕೊಟ್ಟಾಗ ಸಿಕ್ಕಿದ್ದು ಒಂದು ಮೂರನೇ ಸುತ್ತಿನ ಪಿಕ್, ಹೊತ್ತುಕೊಂಡಿದ್ದು 4 ಕೋಟಿ ಡಾಲರಿಗೂ ಮಿಕ್ಕ ಡೆಡ್ ಮನಿ. "ಇನ್ನೆರಡು ವರ್ಷ" ಇಟ್ಟುಕೊಂಡರೆ ಹೋಗುವ ಗಂಟು ಇದು.

ಹಾಗಾದರೆ ನಿರ್ದಾಕ್ಷಿಣ್ಯವೇ ಸರಿಯೇ? ಈ ವಿಷಯ ಬಂದಾಗಲೆಲ್ಲ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಆಗಿನ ಕೋಚ್ ಬಿಲ್ ಬೆಲಿಚಿಕ್ ಹೆಸರು ಬಂದೇ ಬರುತ್ತದೆ. 2009ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಸೀಮೋರ್‌ನನ್ನು ಓಕ್ಲೆಂಡ್‌ಗೆ ಕೊಟ್ಟು 2011ರ ಮೊದಲ ಸುತ್ತಿನ ಪಿಕ್ ಪಡೆದರು. ಅದರಲ್ಲಿ ಬಂದ ನೇಟ್ ಸೋಲ್ಡರ್ ವರ್ಷಗಟ್ಟಲೆ ಲೆಫ್ಟ್ ಟ್ಯಾಕಲ್ ಜಾಗ ಕಾದ. 2014ರ ಆಗಸ್ಟ್‌ನಲ್ಲಿ ಲೋಗನ್ ಮ್ಯಾಂಕಿನ್ಸ್‌ನನ್ನು ಟ್ಯಾಂಪಾ ಬೇಗೆ ಕೊಟ್ಟರು, ಅದೇ ಋತುವಿನಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಲೆಕ್ಕ ಸರಿಯಿತ್ತು. ಆಟಗಾರನ ಬೆಲೆ ಇಳಿಯುವ ಮುಂಚೆ, ಒಂದು ವರ್ಷ ಮೊದಲೇ ಬಿಡು ಎನ್ನುವ ಲೆಕ್ಕ. ನಾವು ಅದನ್ನು ತಪ್ಪೆನ್ನುವುದಿಲ್ಲ. ತಕರಾರು ಇರುವುದು ತಿಂಗಳ ಬಗ್ಗೆ.

ಯಾಕೆ ಆಗಸ್ಟ್–ಸೆಪ್ಟೆಂಬರ್? ನಾಲ್ಕು ಋತು ಆಡಿದ ಆಟಗಾರ ಮೊದಲ ವಾರದ ಪಟ್ಟಿಯಲ್ಲಿದ್ದರೆ, ಆಮೇಲೆ ಕೈಬಿಟ್ಟರೂ ಆ ವರ್ಷದ ಮೂಲ ಸಂಬಳ ಕೇಳುವ ಹಕ್ಕು ಅವನಿಗಿದೆ. ಅದಕ್ಕೇ ತಂಡಗಳು ಬೇಸಿಗೆಯಿಡೀ ಅವನನ್ನು ಇಟ್ಟುಕೊಂಡು, ಬದಲಿ ಹುಡುಗ ತಯಾರಾದನೋ ನೋಡಿಕೊಂಡು, ಗಡುವಿನ ಅಂಚಿನಲ್ಲಿ ಕೈ ಬಿಡುತ್ತವೆ. 2003ರಲ್ಲಿ ಇದೇ ಪೇಟ್ರಿಯಟ್ಸ್ ಸಂಬಳ ಕಡಿತಕ್ಕೆ ಒಪ್ಪದ ಲಾಯರ್ ಮಿಲಾಯ್ ಎಂಬ ಆಟಗಾರನನ್ನು ಮೊದಲ ಪಂದ್ಯಕ್ಕೆ ಐದು ದಿನ ಇರುವಾಗ ಬಿಟ್ಟಿತು. ಅವನು ಬಫಲೋ ಸೇರಿದ, ಆ ಮೊದಲ ಪಂದ್ಯವೇ ಬಫಲೋ ಜೊತೆ, ಪೇಟ್ರಿಯಟ್ಸ್ 31–0ಯಲ್ಲಿ ಸೋತಿತು. ನಿಯಮಿತ ಋತುವಿನ ಕೊನೆಯ ಪಂದ್ಯದಲ್ಲಿ ಅದೇ 31–0 ತಿರುಗಿಸಿ ಕೊಟ್ಟು ಸೂಪರ್ ಬೌಲನ್ನೂ ಗೆದ್ದಿತು ಅನ್ನಿ. ಗೆದ್ದರೆಂದು ಆ ಐದು ದಿನ ಸರಿಯಾಗುವುದಿಲ್ಲ.

ಇದರ ಪಕ್ಕದಲ್ಲಿ 2012 ಇಟ್ಟು ನೋಡಿ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಪೇಟನ್ ಮ್ಯಾನಿಂಗ್ ಕುತ್ತಿಗೆ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ 2011 ಆಡಿರಲಿಲ್ಲ. ಮಾರ್ಚ್ 8ಕ್ಕೆ ಅವನಿಗೆ 2.8 ಕೋಟಿ ಡಾಲರ್ ಬೋನಸ್ ಕೊಡಬೇಕಿತ್ತು. ಹಿಂದಿನ ದಿನ, ಮಾರ್ಚ್ 7ರಂದು, ಕೋಲ್ಟ್ಸ್ ಬಿಟ್ಟುಬಿಟ್ಟಿತು. ಕಠೋರವೇ. ಆದರೆ ಎಲ್ಲ ತಂಡಗಳ ಕೈಯಲ್ಲೂ ಹಣವಿದ್ದ ಕಾಲ, ಎರಡು ವಾರದೊಳಗೆ ಡೆನ್ವರ್ ಸಿಕ್ಕಿತು, ಮುಂದೆ ಸೂಪರ್ ಬೌಲ್ 50 ಕೂಡ. ಕೋಲ್ಟ್ಸ್ ಮನಸ್ಸು ದೊಡ್ಡದೆಂದು ಹೀಗಾಗಲಿಲ್ಲ, ಒಪ್ಪಂದದಲ್ಲಿ ಬರೆದಿದ್ದ ತಾರೀಖು ಕೈ ಹಿಡಿದು ಮಾಡಿಸಿತು. ಚಾಣಾಕ್ಷ ಏಜೆಂಟರು ಮಾರ್ಚ್ ಮಧ್ಯದಲ್ಲಿ, ಹೊಸ ಲೀಗ್ ವರ್ಷದ ಮೂರನೇ ಅಥವಾ ಐದನೇ ದಿನಕ್ಕೆ ರೋಸ್ಟರ್ ಬೋನಸ್ (ಆ ದಿನ ತಂಡದ ಪಟ್ಟಿಯಲ್ಲಿದ್ದರೆ ಕೊಡಬೇಕಾದ ಹಣ) ಇಡಿಸುವುದು ಇದಕ್ಕೇ. ಇಟ್ಟುಕೊಳ್ಳುವುದಾದರೆ ದುಡ್ಡು ಬಿಚ್ಚು, ಇಲ್ಲವಾದರೆ ಈಗಲೇ ಹೇಳು. ನಿಷ್ಠೆ ಬೇಕೆನ್ನುವ ಆಟಗಾರ ಕೇಳಬೇಕಾದ ಷರತ್ತು ಇದು. ಪತ್ರಿಕಾಗೋಷ್ಠಿಯ ಹೊಗಳಿಕೆ ಒತ್ತಟ್ಟಿಗಿರಲಿ. ಆಟಗಾರ ಒಪ್ಪದೆ ಟ್ರೇಡ್ ಮಾಡುವಂತಿಲ್ಲ ಎನ್ನುವ ನೋ-ಟ್ರೇಡ್ ಕಲಮು ಇನ್ನೂ ಗಟ್ಟಿ, ಆದರೆ ಅದು ಕೆಲವೇ ದೊಡ್ಡ ತಾರೆಯರಿಗೆ ದಕ್ಕುತ್ತದೆ.

ಋತುವಿನ ನಡುವೆ ಬಿಟ್ಟುಕೊಟ್ಟೂ ಮರ್ಯಾದೆ ಉಳಿಸಿಕೊಳ್ಳಬಹುದು. 2021ರ ನವೆಂಬರ್ 1ರಂದು ಡೆನ್ವರ್ ತನ್ನ ವಾನ್ ಮಿಲ್ಲರ್‌ನನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟಿತು. ಅವನ ಬಾಕಿ ಸಂಬಳ 97 ಲಕ್ಷ ಡಾಲರ್‌ನಲ್ಲಿ 90 ಲಕ್ಷವನ್ನು ಡೆನ್ವರೇ ಭರಿಸಿತು. ಅದಕ್ಕೆ ಪ್ರತಿಯಾಗಿ ಎರಡನೇ ಮತ್ತು ಮೂರನೇ ಸುತ್ತಿನ ಪಿಕ್‌ಗಳು ಬಂದವು. ಮಿಲ್ಲರ್ ಆ ಋತುವಿನಲ್ಲೇ ಮತ್ತೊಂದು ಸೂಪರ್ ಬೌಲ್ ಗೆದ್ದ. ಒಪ್ಪಂದದ ಕೊನೆಯ ವರ್ಷದಲ್ಲಿದ್ದ ಮೂವತ್ತೆರಡರ ಆಟಗಾರನನ್ನು ಗೆಲ್ಲುವ ತಂಡಕ್ಕೆ ಕಳಿಸುವುದು ಕೃತಘ್ನತೆಯೆಂದು ನಮಗನಿಸುವುದಿಲ್ಲ. ಕೈಬಿಟ್ಟಿದ್ದರೆ ಡೆನ್ವರ್‌ಗೆ ಏನೂ ಸಿಗುತ್ತಿರಲಿಲ್ಲ.

ಆಟಗಾರನನ್ನು ಕೇಳುತ್ತಾರೆಯೇ ಎಂದೂ ಪತ್ರದಲ್ಲಿ ಪ್ರಶ್ನೆಯಿದೆ. ಕೆಲವೊಮ್ಮೆ ಕೇಳುತ್ತಾರೆ. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ದಾಳಿ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗವನ್ನು ಸ್ಟೀವ್ ಯಂಗ್‌ಗೆ ಕೊಡಲು ಜೋ ಮೊಂಟಾನಾನನ್ನು ಬಿಡಲು ಹೊರಟಿತು. ಅಭಿಮಾನಿಗಳ ಗಲಾಟೆಗೆ ಹೆದರಿಯೋ ಏನೋ, ಕೊನೆಗಳಿಗೆಯಲ್ಲಿ "ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ನೀನೇ" ಎಂದು ಉಳಿಸಿಕೊಳ್ಳಲು ನೋಡಿತು. ಮೊಂಟಾನಾ ಬೇಡವೆಂದು ಕಾನ್ಸಸ್ ಸಿಟಿಗೆ ಹೊರಟ.